ಏಕತರ್ಫಿ ಹುಕುಮನಾಮೆಯಿಂದ ಸಹಕಾರದವರೆಗೆ

ನಮ್ಮ ಸಂಘವು 25 ಸಂವತ್ಸರಗಳನ್ನು ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ನಮಗೆ ಅಪ್ಪಣೆ ಮಾಡಿದರು. ಷೇರು ಬಂಡವಾಳ, ಠೇವಣಿ, ಲಾಭ-ಹಾನಿಯ ಅಂಕಿ-ಸಂಖ್ಯೆಗಳು ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಬರುತ್ತವೆ. ಹೀಗಾಗಿ ನಾವು ಬೇರೆ ವಿಷಯ ಹಿಡಿದಿದ್ದೇವೆ. ಅದು ಕೋರ್ಟಿನ ವಿಷಯ. ಅದರಲ್ಲೂ ದಾವೆ ಹಾಕುವವನದಲ್ಲ, ದಾವೆ ಹಾಕಿಸಿಕೊಂಡವನ ವಿಷಯ.

“ಹಬ್ಬದ ದಿವ್ಸ ಕೋರ್ಟ್ ಕಚೇರಿ ಮಾತ್ಯಾಕ್ರಿ?” ಎಂದು ಸದಸ್ಯ ಬಾಂಧವರು ಕೇಳಬಹುದು. ಆದರೆ ನಮ್ಮ ಭಾಗದಲ್ಲಿ ಸಹಕಾರ ಚಳವಳಿ ಯಾಕೆ ಹುಟ್ಟಿತು ಎಂದು ಹುಡುಕುತ್ತ ಹೋದರೆ ಕೋರ್ಟಿನ ಕಟ್ಟೆಗೇ ಹೋಗಿ ನಿಲ್ಲಬೇಕಾಗುತ್ತದೆ. ರೈತನು ಉತ್ತರವನ್ನೇ ಕೊಡದೆ ಸೋತ ದಾವೆಗಳು ಸಾವಿರಾರು. ಆ ಸೋಲಿನಿಂದ ಕಲಿತ ಪಾಠಗಳಲ್ಲಿ ಸಹಕಾರವೂ ಒಂದು. ನಾವು ವಕೀಲರಲ್ಲ. ಎಸ್.ಎಸ್.ಎಲ್.ಸಿ. ತನಕ ಓದಿ ಹೊಲಕ್ಕೆ ಇಳಿದವರು. ಸಂಘದ ಕೆಲಸಕ್ಕಾಗಿ ಕೋರ್ಟಿನ ಪಾವಟಿಗೆ ಹತ್ತಿ ಇಳಿದು, ತಿಳಿದವರನ್ನು ಕೇಳಿ, ಓದಿ ಗೊತ್ತು ಮಾಡಿಕೊಂಡಿದ್ದನ್ನು ಇಲ್ಲಿ ಸದಸ್ಯರ ಮುಂದೆ ಇಡುತ್ತಿದ್ದೇವೆ.

ಸಾವುಕಾರನ ಕಾಗದ, ರೈತನ ನೇಗಿಲ ಗುರುತು

ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ ಮತ್ತು ಅಥಣಿ ತಾಲೂಕುಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಸುತ್ತಮುತ್ತ ಸಾಂಗಲಿ, ಮೀರಜ, ಕುರುಂದವಾಡದ ಪಟವರ್ಧನರ ಸಂಸ್ಥಾನಗಳ ಹಳ್ಳಿಗಳು ನಡುನಡುವೆ ಹೆಣೆದುಕೊಂಡಿದ್ದವು. ಆಳುವವರು ಬೇರೆ ಬೇರೆ ಇದ್ದರೂ ರೈತನ ಪಾಡು ಒಂದೇ. ಬಿತ್ತಲು ಬೀಜಕ್ಕೆ, ಎತ್ತಿಗೆ, ಮಗಳ ಮದುವೆಗೆ, ಸರಕಾರದ ತೀರ್ವೆಗೆ ಸಾವುಕಾರನ ಓಸರಿಗೇ ಹೋಗಬೇಕು.

ಸಾವುಕಾರನ ಕಡೆ ಮೋಡಿ ಲಿಪಿಯಲ್ಲಿ ಬರೆದ ಕಾಗದ ಇರುತ್ತಿತ್ತು. ರೈತನಿಗೆ ಅಕ್ಷರ ಬಾರದು. ಸಹಿಯ ಬದಲು ನೇಗಿಲ ಗುರುತು ಹಾಕಿಸಿಕೊಳ್ಳುತ್ತಿದ್ದರು. 1859ರ ಕಾಲಮರ್ಯಾದೆ ಕಾಯ್ದೆಯು ಸಾದಾ ಸಾಲಪತ್ರಕ್ಕೆ ಮೂರು ವರ್ಷಗಳ ಅವಧಿ ಇಟ್ಟಿತು. ಹಳೆಯ ಸಾಲ ಕೆದಕಿ ರೈತನನ್ನು ಕಾಡಬಾರದು ಎಂಬುದು ಅದರ ಉದ್ದೇಶ. ಆದರೆ ಆದದ್ದು ಉಲ್ಟಾ. ಮೂರು ವರ್ಷ ಆಗುವುದರೊಳಗೆ ಸಾವುಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದ. ಬರೆದುಕೊಡದಿದ್ದರೆ ದಾವೆ. ನೂರು ರೂಪಾಯಿಯ ಸಾಲ ಮಗನ ಕಾಲಕ್ಕೆ ಸಾವಿರ ಆಗುತ್ತಿತ್ತು.

1861ರಿಂದ 1865ರ ತನಕ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಸಾವುಕಾರರು ಕರೆದು ಕರೆದು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಹತ್ತಿಯ ದರ ಬಿತ್ತು, ಸಾಲ ಮಾತ್ರ ಹಾಗೇ ಉಳಿಯಿತು. ಆಮೇಲೆ ದಾವೆಗಳ ಸುರಿಮಳೆ. ಸಮನ್ಸ್ ಬಂದರೆ ರೈತ ಊರು ಬಿಟ್ಟು ಹೋಗುತ್ತಿದ್ದ, ಇಲ್ಲವೇ “ನಮ್ಮಂಥಾವ್ರು ಹೋಗಿ ಏನ್ ಮಾತಾಡೂದೈತಿ, ಸಾವ್ಕಾರ್ರು ಹೇಳಿದ್ದ ಖರೇ” ಎಂದು ಮನೆಯಲ್ಲೇ ಕೂಡುತ್ತಿದ್ದ. ಎಷ್ಟೋ ಸಲ ಸಮನ್ಸ್ ಅವನ ಕೈಗೆ ಮುಟ್ಟುತ್ತಲೇ ಇರಲಿಲ್ಲ. ಪ್ರತಿವಾದಿ ಹಾಜರಿಲ್ಲ ಎಂದು ಕೋರ್ಟು ಏಕತರ್ಫಿ ಹುಕುಮನಾಮೆ ಕೊಡುತ್ತಿತ್ತು. ನಂತರ ದರಖಾಸ್ತು, ಜಪ್ತಿ, ಲಿಲಾವು. ಬೇಲೀಫನು ಬಂದು ದನ ಬಿಚ್ಚಿಕೊಂಡು ಹೋಗುವಾಗಲೇ ತನ್ನ ಮೇಲೆ ದಾವೆ ನಡೆದಿತ್ತು ಎಂಬುದು ಎಷ್ಟೋ ಜನಕ್ಕೆ ಗೊತ್ತಾಗುತ್ತಿತ್ತು.

1875ರ ಸಿಟ್ಟು, 1879ರ ಕಾಯ್ದೆ

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರ ತಾಳ್ಮೆ ಕಟ್ಟೆ ಒಡೆಯಿತು. ಸಾವುಕಾರರ ಅಂಗಡಿ-ಮನೆಗಳಿಗೆ ನುಗ್ಗಿ ಸಾಲದ ಕಾಗದಗಳನ್ನು ಬೀದಿಯಲ್ಲಿ ಸುಟ್ಟರು. ಪುಣೆ ಮತ್ತು ಅಹಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಇದು ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ದಂಗೆ ಎನ್ನುತ್ತಾರೆ. ಇಲ್ಲಿ ಒಂದು ಮಾತು ಗಮನಿಸಬೇಕು. ರೈತರು ಹೆಚ್ಚಾಗಿ ಹುಡುಕಿದ್ದು ಹಣವನ್ನಲ್ಲ, ಕಾಗದವನ್ನು. ಕೋರ್ಟಿನಲ್ಲಿ ತಮ್ಮನ್ನು ಸೋಲಿಸಿದ್ದು ಯಾವುದು ಎಂದು ಅವರಿಗೆ ಬರೋಬರಿ ಗೊತ್ತಿತ್ತು.

ಸರಕಾರ ಆಯೋಗ ನೇಮಿಸಿತು. ಬಹುಪಾಲು ಸಾಲದ ದಾವೆಗಳು ರೈತ ಹಾಜರಾಗದೆ ಏಕತರ್ಫಿಯಾಗಿ ಮುಗಿಯುತ್ತಿವೆ ಎಂಬುದನ್ನು ಆ ಆಯೋಗ ಎತ್ತಿ ತೋರಿಸಿತು. ಅದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಇದ್ದದ್ದು ಮುಂದೆ ಮುಂಬಯಿ ಇಲಾಖೆಯ ಇತರ ಭಾಗಗಳಿಗೂ ವಿಸ್ತರಿಸಿತು.

ಈ ಕಾಯ್ದೆಯಲ್ಲಿ ಏನಿತ್ತು ಎಂಬುದನ್ನು ಇಂದಿನ ನಿರ್ದೇಶಕರು ಓದಬೇಕು. ಕೋರ್ಟು ಕೇವಲ ಪತ್ರ ನೋಡಿ ಹುಕುಮನಾಮೆ ಕೊಡುವಂತಿಲ್ಲ. ಸಾಲ ಮೊದಲಿಗೆ ಎಷ್ಟಿತ್ತು, ಎಷ್ಟು ಮುಟ್ಟಿದೆ, ಬಡ್ಡಿ ಎಷ್ಟು ಎಂದು ಬುಡದಿಂದ ಲೆಕ್ಕ ತೆಗೆಯಬೇಕು. ಪ್ರತಿವಾದಿ ರೈತನನ್ನು ಕರೆಸಿ ಅವನ ಬಾಯಿಂದಲೇ ಕೇಳಬೇಕು. ಕಂತು ಹಾಕಿ ಕೊಡುವ ಅವಕಾಶ ಕೊಡಬೇಕು. ಸಾಲಕ್ಕಾಗಿ ರೈತನನ್ನು ಸೆರೆಮನೆಗೆ ಹಾಕುವುದು ನಿಂತಿತು. ಮುಟ್ಟಿದ ಹಣಕ್ಕೆ ಪಾವತಿ, ವರ್ಷಕ್ಕೊಮ್ಮೆ ಲೆಕ್ಕದ ನಕಲು, ಕೇಳಿದರೆ ಪಾಸ್‌ಬುಕ್ ಕೊಡಬೇಕೆಂದು ಸಾವುಕಾರನಿಗೆ ಕಟ್ಟು ಹಾಕಿದರು. ದಾವೆಗೆ ಮೊದಲು ರಾಜಿ ಮಾಡಿಸುವ ಮಧ್ಯಸ್ಥರನ್ನೂ ನೇಮಿಸಿದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಮುಂಬಯಿ ಹೈಕೋರ್ಟಿಗೆ ಹೋಗುವ ಮೊದಲು ಈ ಕಾಯ್ದೆಯ ವಿಶೇಷ ನ್ಯಾಯಾಧೀಶರಾಗಿ ಕೆಲಸ ಮಾಡಿದರು.

ಕಾಯ್ದೆ ಒಳ್ಳೆಯದೇ. ಆದರೆ ಅದು ಹಳೆಯ ಸಾಲಕ್ಕೆ ಉತ್ತರ ಕೊಟ್ಟಿತೇ ಹೊರತು ಮುಂದಿನ ವರ್ಷದ ಬೀಜಕ್ಕೆ ದುಡ್ಡು ಕೊಡಲಿಲ್ಲ. ಸಾವುಕಾರರು ಅಡವಿನ ಬದಲು ಖರೀದಿ ಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಕೈ ಬಿಗಿ ಮಾಡಿದರು. ಕೋರ್ಟಿನಲ್ಲಿ ಗೆದ್ದ ರೈತ ಮಿರಗ ಮಳೆ ಬಂದಾಗ ಮತ್ತೆ ಅವರ ಓಸರಿಗೇ ಹೋಗಬೇಕಾಯಿತು.

ಸಹಕಾರ ಬಂದದ್ದು ಈ ಜಾಗಕ್ಕೆ

ಜರ್ಮನಿಯಲ್ಲಿ ರೈಫೈಸನ್ ಎಂಬವರು ಹಳ್ಳಿಯ ಜನರನ್ನೇ ಕೂಡಿಸಿ ಪತ್ತಿನ ಸಂಘ ಕಟ್ಟಿದ ದಾರಿಯನ್ನು ನೋಡಿ ನಮ್ಮಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿ ಇಡೀ ದೇಶಕ್ಕೆ ದಾರಿ ತೋರಿಸಿದರು. ಕನ್ನಡಿಗರಾದ ನಾವು ಎದೆ ತಟ್ಟಿ ಹೇಳಿಕೊಳ್ಳುವ ಮಾತಿದು.

ಸಂಘಗಳ ತಂಟೆ-ತಕರಾರುಗಳನ್ನು ಸಿವಿಲ್ ಕೋರ್ಟಿಗೆ ಒಯ್ಯದೆ ರಿಜಿಸ್ಟ್ರಾರರ ಕಡೆಗೆ ಒಯ್ಯಬೇಕೆಂಬ ನಿಯಮವನ್ನು 1925ರ ಮುಂಬಯಿ ಸಹಕಾರ ಸಂಘಗಳ ಕಾಯ್ದೆಯೇ ಮಾಡಿತ್ತು. ಸದಸ್ಯನು ವರ್ಷಗಟ್ಟಲೆ ಕೋರ್ಟು ಅಲೆಯಬಾರದು, ಕಡಿಮೆ ಖರ್ಚಿನಲ್ಲಿ ಬೇಗ ತೀರ್ಮಾನ ಆಗಬೇಕು ಎಂಬುದು ಅದರ ಹಿಂದಿನ ವಿಚಾರ. 1947ರಲ್ಲಿ ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯ್ದೆ ಬಂದು 1879ರ ಹಳೆಯ ಕಾಯ್ದೆ ಹೋಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1959ರ ಸಹಕಾರ ಸಂಘಗಳ ಕಾಯ್ದೆ ನಮಗೆ ಲಾಗೂ ಆಯಿತು. ಇಂದಿಗೂ ನಾವು ನಡೆಯುವುದು ಅದರ ಪ್ರಕಾರವೇ.

ಇನ್ನು ಭೂಸುಧಾರಣೆ. 1961ರ ಕಾಯ್ದೆಗೆ 1974ರಲ್ಲಿ ದೊಡ್ಡ ತಿದ್ದುಪಡಿ ಆಗಿ, ಗೇಣಿ ಜಮೀನುಗಳು ಅದೇ ವರ್ಷದ ಮಾರ್ಚ್ 1ರಿಂದ ಸರಕಾರದಲ್ಲಿ ವಿಹಿತವಾದವು. ಗೇಣಿದಾರರು 7ನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಗೇಣಿ ಹಕ್ಕಿನ ಪ್ರಶ್ನೆಯನ್ನು ಸಿವಿಲ್ ಕೋರ್ಟಿನಿಂದ ತೆಗೆದು ಮಂಡಳಿಗೆ ಕೊಟ್ಟಿದ್ದರು. ಉಳುವವನು ತನ್ನ ಬಾಯಿಂದ ತಾನೇ ಹೇಳಿಕೊಳ್ಳಲು ಸಿಕ್ಕ ಇಂಥ ಅವಕಾಶ ದೊಡ್ಡದು. ಫಾರ್ಮು ತುಂಬಿದವರು ಜಮೀನಿನ ಒಡೆಯರಾದರು. ವಾಯಿದೆಯೊಳಗೆ ತುಂಬದವರ ಹಕ್ಕು ಕೈಬಿಟ್ಟಿತು. ಇಲ್ಲಿಯೂ ಪಾಠ ಅದೇ: ಹೇಳಬೇಕಾದಾಗ ಹೇಳಬೇಕು.

ಕೋರ್ಟಿನ ದಾರಿ ಎಷ್ಟು ದೂರ

ಮೇಲಿನ ಕೋರ್ಟಿಗೆ ಹೋಗಬೇಕಾದರೆ ನಮ್ಮ ಜನ 1956ರ ಮೊದಲು ಮುಂಬಯಿಗೆ, ಆಮೇಲೆ ಬೆಂಗಳೂರಿಗೆ ಹೋಗಬೇಕಿತ್ತು. 2008ರ ಜುಲೈದಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. ಇದಕ್ಕಾಗಿ ಉತ್ತರ ಕರ್ನಾಟಕದ ವಕೀಲರು ಮತ್ತು ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಮುಂಜಾನೆ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ರಾತ್ರಿ ಮನೆಗೆ ಬರುವಂತಾದದ್ದು ಬಡ ಪ್ರತಿವಾದಿಗೆ ಸಿಕ್ಕ ದೊಡ್ಡ ಉಪಕಾರ.

ನಮ್ಮ ಗಡಿನಾಡೇ ಒಂದು ದೊಡ್ಡ ದಾವೆಯಲ್ಲಿ ಸಿಕ್ಕಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ 1967ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರವು ಅದನ್ನು ಒಪ್ಪದೆ, ಬೆಳಗಾವಿ, ನಿಪ್ಪಾಣಿ, ಕಾರವಾರ ಸೇರಿ 865 ಊರುಗಳು ತನಗೆ ಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಅದರಲ್ಲಿ ಕರ್ನಾಟಕ ಪ್ರತಿವಾದಿ. ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ ಇದೆ, ಇದು ಕೋರ್ಟು ತೀರ್ಮಾನಿಸುವ ವಿಷಯವಲ್ಲ ಎಂಬುದು ಕರ್ನಾಟಕದ ಮುಖ್ಯ ಬಚಾವು. 2024ಕ್ಕೆ 20 ವರ್ಷ ತುಂಬಿದಾಗಲೂ ಆ ದಾವೆ ಮುಗಿದಿರಲಿಲ್ಲ. ನಮ್ಮ ಸಂಘದಲ್ಲಿ ಕನ್ನಡ ಮಾತಾಡುವವರೂ ಇದ್ದೇವೆ, ಮರಾಠಿ ಮಾತಾಡುವವರೂ ಇದ್ದೇವೆ. ಪಾಸ್‌ಬುಕ್ಕಿನ ಅಂಕಿ ಎಲ್ಲರಿಗೂ ಒಂದೇ. ನಾವು ಆ ದಾವೆಯಿಂದ ಕಲಿಯುವುದು ಒಂದೇ ಮಾತು: ದಾವೆ ಬಂದಾಗ ಮೊದಲ ಪ್ರಶ್ನೆ, ಇದನ್ನು ಕೇಳುವ ಅಧಿಕಾರ ಈ ಕೋರ್ಟಿಗೆ ಇದೆಯೇ ಎಂಬುದು.

ಇಂದಿನ ದಾವೆಗಳು, ಇಂದಿನ ಉತ್ತರ

ಈಗ ಸಾವುಕಾರನ ದಾವೆ ಕಡಿಮೆ. ಅದರ ಬದಲು ಮನೆ-ಮನೆಯೊಳಗಿನ ದಾವೆ ಹೆಚ್ಚು. ಮೊದಲನೆಯದು ವಾಟ್ನಿ ದಾವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿಗೆ 1994ರಲ್ಲಿ ಕರ್ನಾಟಕ ಸರಕಾರ, 2005ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿದವು. 2005ರಲ್ಲಿ ತಂದೆ ಜೀವಂತ ಇರಲಿ, ಬಿಡಲಿ, ಮಗಳಿಗೆ ಮಗನಷ್ಟೇ ಪಾಲು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಆದ ವಾಟ್ನಿ ಇದ್ದರೆ ಅದು ಊರ್ಜಿತ. ಹೀಗಿರುವಾಗ ಅಕ್ಕ-ತಂಗ್ಯಾರ ಪಾಲು ತಪ್ಪಿಸಲು ಸುಳ್ಳು ಕೈಫಿಯತ್ತು ಹಾಕುವುದು ಬಚಾವಲ್ಲ, ಅದು ಖರ್ಚಿನ ದಾರಿ. ಕೂತು ಮಾತಾಡಿ ರಾಜಿಪತ್ರ ಕೊಡುವುದೇ ಲೇಸು. ಇಂಥ ಜಮೀನಿನ ಮೇಲೆ ಸಾಲ ಕೊಟ್ಟಿದ್ದರೆ ಸಂಘವೂ ಪ್ರತಿವಾದಿ ಆಗುತ್ತದೆ. ಹೀಗಾಗಿ ಸಾಲ ಮಂಜೂರು ಮಾಡುವಾಗ ಉತಾರದ ಜೊತೆಗೆ ಮನೆತನದ ವಂಶಾವಳಿಯನ್ನೂ ನೋಡಬೇಕು.

ಎರಡನೆಯದು ತಡೆಯಾಜ್ಞೆಯ ದಾವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಿಂದ ನೀರು ತರುವ ಪೈಪ್‌ಲೈನು, ಬಂಡಿದಾರಿ, ಬದುವು, ಬಾವಿಯ ಪಾಳಿ ಇವುಗಳ ಮೇಲೆ ಹುಟ್ಟುವ ಜಗಳ. ಎದುರಿನವನು ದಾವೆ ಹಾಕುತ್ತಾನೆ ಎಂಬ ಸುಳಿವು ಸಿಕ್ಕರೆ ಕೋರ್ಟಿನಲ್ಲಿ ಕೇವಿಯಟ್ ಹಾಕಿಡಬಹುದು. 1976ರ ತಿದ್ದುಪಡಿಯಿಂದ ಬಂದ ಈ ಸವಲತ್ತು 90 ದಿನ ನಡೆಯುತ್ತದೆ. ಅಷ್ಟು ದಿನ ನಮಗೆ ತಿಳಿಸದೆ ನಮ್ಮ ವಿರುದ್ಧ ಹುಕುಂ ಆಗುವುದಿಲ್ಲ.

ಯಾವ ದಾವೆಯೇ ಇರಲಿ, ಸಮನ್ಸ್ ಬಂದರೆ ತಗೋಬೇಕು. “ನಾ ತಗೊಳ್ಳಿಲ್ಲ ಅಂದ್ರ ಕೇಸ್ ನಡ್ಯಾಂಗಿಲ್ಲ” ಎಂಬುದು ಊರಿನ ಕಟ್ಟೆಯ ಮೇಲಿನ ಕಾನೂನು. ನಿಜವಾದ ಕಾನೂನಿನಲ್ಲಿ ಒಲ್ಲೆ ಅಂದರೂ ಬೇಲೀಫನು ಬಾಗಿಲಿಗೆ ಅಂಟಿಸಿ ಹೋಗುತ್ತಾನೆ, ಅದನ್ನು ಮುಟ್ಟಿದಂತೆಯೇ ಕೋರ್ಟು ಹಿಡಿಯಬಹುದು. ಸಮನ್ಸ್ ಮುಟ್ಟಿದ 30 ದಿನಗಳೊಳಗೆ ಕೈಫಿಯತ್ತು ಕೊಡಬೇಕು. ಕಾರಣ ಹೇಳಿದರೆ ಕೋರ್ಟು 90 ದಿನದ ತನಕ ಅವಕಾಶ ಕೊಡಬಹುದು. 2002ರಿಂದ ಈ ನಿಯಮ ಇದೆ. ತೀರ ವಿಶೇಷ ಕಾರಣ ಇದ್ದರೆ ಅದನ್ನೂ ಮೀರಿ ಕೊಡಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದೆ. ಅದನ್ನು ನಂಬಿ ಕೂಡಬಾರದು. ವಾದಿಯು ಬರೆದ ಒಂದೊಂದು ಮಾತಿಗೂ ಕೈಫಿಯತ್ತಿನಲ್ಲಿ ಉತ್ತರ ಇರಬೇಕು. ಅಲ್ಲಗಳೆಯದೆ ಬಿಟ್ಟ ಮಾತನ್ನು ಒಪ್ಪಿದಂತೆ ಹಿಡಿಯುತ್ತಾರೆ. ಏಕತರ್ಫಿ ಹುಕುಮನಾಮೆ ಆಗಿಯೇ ಹೋದರೆ ಅದನ್ನು ರದ್ದು ಮಾಡಿಸಲು ಅರ್ಜಿ ಕೊಡಬಹುದು. ಅದಕ್ಕೂ ವಾಯಿದೆ 30 ದಿನ. ಸಮನ್ಸ್ ಸರಿಯಾಗಿ ಮುಟ್ಟಿರದಿದ್ದರೆ ಗೊತ್ತಾದ ದಿನದಿಂದ ಎಣಿಕೆ.

ಮೂರನೆಯ ಮಾತು ಕಾಗದ. ನಮ್ಮ ಕಡೆಯ ಹಳೆಯ ಕಾಗದಗಳು ಮೋಡಿಯಲ್ಲಿ, ಮರಾಠಿಯಲ್ಲಿ ಇವೆ. ಓದುವವರು ಕಡಿಮೆ ಆಗುತ್ತಿದ್ದಾರೆ. ಈಗಲೇ ಓದಿಸಿ ತರ್ಜುಮೆ ಮಾಡಿಸಿ ಇಡಬೇಕು. 2005, 2019, 2021ರ ಮಹಾಪೂರಗಳಲ್ಲಿ ನದೀತೀರದ ಹಳ್ಳಿಗಳ ಎಷ್ಟೋ ಮನೆಗಳ ಟ್ರಂಕಿನಲ್ಲಿದ್ದ ಕಾಗದಗಳು ನೀರುಪಾಲಾದವು. ಉತಾರ, ಡೈರಿ, ಖರೀದಿ ಪತ್ರಗಳ ದೃಢೀಕೃತ ನಕಲು ಕಚೇರಿಯಿಂದ ಸಿಗುತ್ತವೆ. ದಾವೆ ಬರುವ ತನಕ ಕಾಯಬಾರದು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಬಂತು?

ಇಲ್ಲಿ ಸಂಘದ ಪುಸ್ತಕಗಳ ಬೆಲೆಯೂ ಗೊತ್ತಾಗುತ್ತದೆ. ನಮ್ಮ ಒಬ್ಬ ಸದಸ್ಯೆಯ ಮೇಲೆ ಅವರ ಸಂಬಂಧಿಕರು ದಾವೆ ಹಾಕಿ, ಆ ಹೊಲ ಎಂದೂ ಇವರ ಸ್ವಾಧೀನದಲ್ಲಿ ಇರಲೇ ಇಲ್ಲ ಎಂದರು. ಗಂಡ ತೀರಿಕೊಂಡ ಹೆಣ್ಣುಮಗಳು, ಮನೆಯಲ್ಲಿ ಒಂದು ಕಾಗದವೂ ಇಲ್ಲ. “ಅಣ್ಣಾ, ಹೊಲ ಹೋದ್ರ ನಾ ಎಲ್ಲಿ ಹೋಗ್ಲಿ?” ಎಂದು ಸಂಘದ ಬಾಗಿಲಿಗೆ ಬಂದರು. ವರ್ಷವರ್ಷವೂ ಆ ಹೊಲದ ಕಬ್ಬಿಗೆ ಪೀಕಸಾಲ ಕೊಟ್ಟದ್ದು, ಹೊಲದ ನಂಬರು, ಬೆಳೆ, ಮರುಪಾವತಿ ಎಲ್ಲ ನಮ್ಮ ಖಾತೆ ಪುಸ್ತಕದಲ್ಲಿತ್ತು. ಕಾರ್ಯದರ್ಶಿಗಳು ಪುಸ್ತಕ ಹಿಡಿದು ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಹೊಲ ಅವರಲ್ಲೇ ಉಳಿಯಿತು. ದುಡ್ಡು ಕೊಡುವುದಷ್ಟೇ ಸಂಘದ ಕೆಲಸವಲ್ಲ, ಸರಿಯಾಗಿ ಬರೆದಿಡುವುದೂ ಸದಸ್ಯರ ರಕ್ಷಣೆಯೇ.

ಬಡವರಿಗೆ ಮತ್ತೊಂದು ಆಸರೆ ತಾಲೂಕು ಕಾನೂನು ಸೇವಾ ಸಮಿತಿ. 1987ರ ಕಾಯ್ದೆ 1995ರಿಂದ ಜಾರಿಗೆ ಬಂದು, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿ ಆದರೆ ಕೋರ್ಟ್ ಫೀ ವಾಪಸು, ಅದರ ಮೇಲೆ ಅಪೀಲೂ ಇಲ್ಲ. ಹುಕುಮನಾಮೆ ಆದರೂ ರೈತನ ಬೇಸಾಯದ ಸಾಮಾನು, ಬದುಕಿಗೆ ಬೇಕಾದ ಎತ್ತು, ಬಿತ್ತನೆ ಬೀಜ, ಕುಶಲಕರ್ಮಿಯ ಹತ್ಯಾರ ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿದೆ. ಅಥಣಿ, ನಿಪ್ಪಾಣಿಯ ಚಪ್ಪಲಿ ಮಾಡುವ ಬಾಂಧವರ ರಂಪಿಗೆಗೂ ಈ ರಕ್ಷಣೆ ಉಂಟು.

ಸಂಘವೇ ವಾದಿ ಆದಾಗ

ಈಗ ನಮ್ಮ ಕಡೆಗೇ ಬೆರಳು ತಿರುಗಿಸೋಣ. ಸಂಘದ ಮೇಲೆ ಯಾರಾದರೂ ಸಿವಿಲ್ ದಾವೆ ಹಾಕಿದರೆ ನಮ್ಮ ಕಾಯ್ದೆಯ 118ನೇ ಕಲಂ ಅಡ್ಡ ನಿಲ್ಲುತ್ತದೆ. ಸದಸ್ಯತ್ವ, ಸಾಲ, ಆಡಳಿತದ ತಕರಾರುಗಳು 70ನೇ ಕಲಮಿನ ಪ್ರಕಾರ ಸಹಕಾರ ಇಲಾಖೆಯ ಮುಂದೆ ಹೋಗಬೇಕು. 125ನೇ ಕಲಮಿನ ಪ್ರಕಾರ ಎರಡು ತಿಂಗಳ ನೋಟೀಸು ಕೊಡದೆ ಸಂಘದ ವ್ಯವಹಾರದ ಬಗ್ಗೆ ದಾವೆ ಹಾಕುವಂತಿಲ್ಲ. ಸಂಘಕ್ಕೆ ಇಷ್ಟು ಗಟ್ಟಿ ಕೋಟೆಯನ್ನು ಕಾನೂನು ಕಟ್ಟಿಕೊಟ್ಟಿದೆ.

ಆದರೆ ಸದಸ್ಯನಿಗೆ? ಸಾಲ ಬಾಕಿ ಆದರೆ ಸಂಘವು 70ನೇ ಕಲಮಿನ ಕೆಳಗೆ ದಾವೆ ಹಾಕುತ್ತದೆ. ಸಾಲಗಾರನಿಗೂ ಜಾಮೀನುದಾರರಿಗೂ ಸಮನ್ಸ್ ಹೋಗುತ್ತದೆ. ಅವರು ಅಂಜಿ ಬರುವುದಿಲ್ಲ. ತೀರ್ಪು ಏಕತರ್ಫಿ ಆಗುತ್ತದೆ. ಅಮಲಜಾರಿ, ಜಪ್ತಿ, ಲಿಲಾವು. ಸದಸ್ಯ ಬಾಂಧವರೇ, ಈ ದಾರಿ ಎಲ್ಲಿಯೋ ನೋಡಿದಂತೆ ಅನ್ನಿಸುವುದಿಲ್ಲವೇ? 1875ರ ಸಾವುಕಾರ ಹೋದ ದಾರಿಯೇ ಇದು. 2018ರ ಕರ್ನಾಟಕ ಋಣ ಪರಿಹಾರ ಕಾಯ್ದೆಯೂ ಸಹಕಾರ ಸಂಘದ ಸಾಲಕ್ಕೆ ಅನ್ವಯಿಸದು. ಅಂದರೆ ನಮ್ಮಿಂದ ನಮ್ಮ ಸದಸ್ಯನನ್ನು ಕಾಯಬೇಕಾದವರು ನಾವೇ.

ಹಾಗಂತ ಸಾಲ ಬಿಟ್ಟುಬಿಡಬೇಕು ಎಂದು ನಮ್ಮ ಮಾತಲ್ಲ. “ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ” ಆದರೆ ಠೇವಣಿ ಇಟ್ಟ ಮುದುಕಿಯ ಗತಿ ಏನು? ಸಂಘದ ದುಡ್ಡು ಊರಿನ ದುಡ್ಡು. ವಸೂಲಿ ಆಗಲೇಬೇಕು. ಆದರೆ 1879ರ ಕಾಯ್ದೆಯು ಪರಕೀಯ ಸರಕಾರದ ಕೈಯಿಂದ ಸಾವುಕಾರನ ಮೇಲೆ ಹಾಕಿದ ಕಟ್ಟುಗಳನ್ನು ನಾವು ಸ್ವಂತ ಮನಸ್ಸಿನಿಂದ ನಮ್ಮ ಮೇಲೆ ಹಾಕಿಕೊಳ್ಳಬೇಕು. ದಾವೆಗೆ ಮೊದಲು ಇಬ್ಬರು ನಿರ್ದೇಶಕರು ಮನೆಗೆ ಹೋಗಿ ಅಸಲು, ಬಡ್ಡಿ, ಜಮಾ ಎಲ್ಲವನ್ನೂ ಬಿಡಿಸಿ ಹೇಳಬೇಕು. ವರ್ಷಕ್ಕೊಮ್ಮೆ ಖಾತೆಯ ನಕಲು ಸಾಲಗಾರನಿಗೂ ಜಾಮೀನುದಾರನಿಗೂ ಮುಟ್ಟಬೇಕು. ನೋಟೀಸು ಓದಿದರೆ ತಿಳಿಯುವ ಕನ್ನಡದಲ್ಲಿರಬೇಕು. ಮರಾಠಿ ಓದುವವರಿಗೆ ಅದನ್ನು ಮರಾಠಿಯಲ್ಲಿ ಹೇಳಬೇಕು. ತಾರೀಖಿನ ದಿನ ಪ್ರತಿವಾದಿ ಸದಸ್ಯನನ್ನು ಬಾ ಎಂದು ಕರೆಯುವವರು ನಾವೇ ಆಗಬೇಕು. ಬರಗಾಲ, ಮಹಾಪೂರ, ಮನೆಯ ಸಾವು-ನೋವು ಇದ್ದರೆ ಕಂತಿನ ಅರ್ಜಿಗೆ ಸಂಘವೇ ಒಪ್ಪಬೇಕು. ಕಾಕಾ ಅನ್ನುತ್ತ ಸಾಲ ಕೊಟ್ಟವರು ವಸೂಲಿಗೆ ಹೋದಾಗಲೂ ಕಾಕಾ ಎಂದೇ ಕರೆಯಬೇಕು.

ಕೋರ್ಟಿನ ಬಗ್ಗೆ ನಮ್ಮ ಹಿರಿಯರು “ಗೆದ್ದವ ಸೋತ, ಸೋತವ ಸತ್ತ” ಎಂದಿದ್ದಾರೆ. ಅದು ಖರೆ. ಆದರೆ ಇತಿಹಾಸ ನೋಡಿದರೆ ಗೆದ್ದವನೂ ಸೋತವನೂ ಕೋರ್ಟಿಗೆ ಬಂದವರು. ಬಾರದೇ ಮನೆಯಲ್ಲಿ ಕುಳಿತವನ ಲೆಕ್ಕ ಆ ಗಾದೆಯಲ್ಲೂ ಇಲ್ಲ. ಮುಂದಿನ 25 ವರ್ಷಗಳಲ್ಲಿ ನಮ್ಮ ಸಂಘದ ದಫ್ತರದಲ್ಲಿ ಒಂದೇ ಒಂದು ಏಕತರ್ಫಿ ತೀರ್ಪು ಇರಬಾರದು. ಬಂಗಾರದ ಹಬ್ಬ ಮಾಡುವವರು ಆ ದಫ್ತರ ತೆಗೆದು ನೋಡಿದಾಗ ಎಲ್ಲ ಪ್ರಕರಣದಲ್ಲೂ ಸದಸ್ಯನ ಉತ್ತರ ಲಗತ್ತಾಗಿರಲಿ ಎಂದು ಹಾರೈಸಿ ನಮ್ಮ ಲೇಖನ ಮುಗಿಸುತ್ತೇವೆ.

ಜೈ ಕಿಸಾನ್, ಜೈ ಸಹಕಾರ.